ಚುಕ್ಕಿ ಅಕ್ಷರ

ಚಮನ್‌ಸಾಬರ ಗುಜರಿಯಲ್ಲಿ
ಮುರಿದ ನಲ್ಲಿ, ಪಂಪಿನ ವಾಷರು, ಕಿವಿ ಕಿತ್ತ ಗಂಟೆ,
ಆ ಹಿತ್ತಾಳೆ ಗುಡ್ಡೆಯೊಳಗೆ ಕೈಗೆ ತಾಕಿತು
ಕತ್ತಿನ ತನಕ ಕಪ್ಪಾದ ಒಂದು ರೇಜರು.
ತಕ್ಕಡಿಗಿಟ್ಟರು. ಎಂಬತ್ತು ಗ್ರಾಂ.
"ನಲವತ್ತಾಗತ್ತೆ. ಮೂವತ್ತು ಕೊಡು,
ಮಕ ನೋಡಿ ಹೇಳ್ತಿದೀನಿ."

ಮಕವೋ, ಆಗ ನೋಡುವ ಹಾಗಿರಲಿಲ್ಲ.
ಐದು ಅಲಗಿನ ಪ್ಲಾಸ್ಟಿಕ್ಕು ಒಂದೇ ಎಳೆತಕ್ಕೆ
ಕೂದಲ ಜೊತೆ ಮರ್ಯಾದೆಯನ್ನೂ ಕಿತ್ತು
ಗದ್ದದ ಕೆಳಗೆಲ್ಲ ರಾಗಿ ಚೆಲ್ಲಿದ ಹಾಗೆ ಗುಳ್ಳೆ.
ಚರ್ಮದ ಡಾಕ್ಟರು ಮುಲಾಮು ಬರೆದು
ಎರಡು ವಾರ ಗಡ್ಡ ಬಿಡು ಅಂದರು. ಬಿಟ್ಟೆ.
ಅಂಗಡಿಗೆ ಬಂದವರು ದನಿ ಇಳಿಸಿ ಕೇಳಿದರು:
"ಯಾರು ಹೋದ್ರು?"

ಚೌಕಿಪೇಟೆಯ ಪಾತ್ರೆ ಅಂಗಡಿಯಲ್ಲಿ
ನನ್ನ ಕೆಲಸ ಹೆಸರು ಕೊರೆಯುವುದು.
ಮದುವೆಯ ಬಿಂದಿಗೆ, ಗೃಹಪ್ರವೇಶದ ತಟ್ಟೆ,
ಸೋದರಮಾವ ಕೊಟ್ಟ ಕೊಳಗದ ಕಂಠಕ್ಕೆ
ಮಷಿನ್ನು ಗುಂಯ್‌ಗುಟ್ಟಿ ಎಳೆದ ಗೆರೆ.
ಹಾಗಾಗಿ, ಹುಣಸೆಹಣ್ಣು ಹಾಕಿ ತಿಕ್ಕುವಾಗ
ರೇಜರಿನ ಬುಡದಲ್ಲಿ ಎದ್ದು ಬಂದ ಚುಕ್ಕಿ ಕಂಡು
ಕೈ ನಿಂತಿತು.
ಉಳಿಯಿಂದ, ಒಂದೊಂದೇ ಏಟು:
ಹಾ. ಬ.
ದೀರ್ಘದ ಕೊನೆಯ ಚುಕ್ಕಿಯನ್ನು
ಕೂದಲೆಳೆಯಷ್ಟು ಕೆಳಗಿಳಿಸುವವರು
ಈ ಊರಲ್ಲಿ ಒಬ್ಬರೇ ಇದ್ದರು,
ನನಗೆ ಉಳಿ ಹಿಡಿಯಲು ಕಲಿಸಿದ ಮೌನೇಶಾಚಾರ್ರು.
ಅವರು ಹೋದಾಗ ನಾನು ಗಡ್ಡ ಬಿಟ್ಟಿರಲಿಲ್ಲ.
ಸಂಬಂಧಿಕನಲ್ಲವಲ್ಲ.

ಹಾ. ಬ. ಯಾರೋ.
ಹಾಲುವರ್ತಿಯ ಬಸಪ್ಪನೋ,
ಹಾಲಪ್ಪನ ಮಗ ಬ ಯಾವನೋ.
ತನ್ನ ಗಡ್ಡಕ್ಕೂ ಹೆಸರು ಹಾಕಿಸಿಕೊಂಡವನು,
ಹಾಸ್ಟೆಲಿನಲ್ಲೋ ಮಿಲ್ಲಿನ ಕ್ವಾರ್ಟರ್ಸಿನಲ್ಲೋ
ಕದಿಯುವವರ ನಡುವೆ ಬಾಳಿದವನಿರಬೇಕು.

ಬೋರಿನ ನೀರಿಗೆ ಸೋಪು ನೊರೆಯಾಗುವುದಿಲ್ಲ,
ಒಡೆದ ಹಾಲಿನಂತೆ ಕೂತುಬಿಡುತ್ತದೆ.
ಕುಂದವಾಡ ಕೆರೆಯ ನೀರು ಬಿಡುವ ದಿನ
ಒಂದು ತಂಬಿಗೆ ನನ್ನದೆಂದು ಎತ್ತಿಡುತ್ತೇನೆ.
"ಕುಡಿಯೋ ನೀರಲ್ಲಿ ಗಡ್ಡ ನೆನೆಸ್ತಾರೇನ್ರೀ?"
ಬ್ರಷ್ಷು ಯಾವ ಪ್ರಾಣಿಯ ಕೂದಲೆಂದು
ಕೊಟ್ರಮ್ಮ ಕೇಳಿಲ್ಲ, ನಾನು ಹೇಳಿಲ್ಲ.
ದೇವರ ಕೋಣೆಯ ಕಡೆಯ ಮೊಳೆಗೆ ಮಾತ್ರ
ಅದನ್ನು ನೇತುಹಾಕುವುದಿಲ್ಲ.
ತಲೆಕೆಳಗಾಗಿಯೇ ನೇತುಹಾಕಬೇಕು;
ನೀರು ಬುಡಕ್ಕಿಳಿದರೆ ಕೂದಲು ಉದುರುತ್ತದೆ.
(ನನ್ನ ತಲೆಗೆ ಇದನ್ನು ಯಾರೂ ಹೇಳಲಿಲ್ಲ.)
ತಿರುಪಿಗೆ ಒಂದು ಹನಿ ಕೊಬ್ಬರಿ ಎಣ್ಣೆ
ಅಮಾವಾಸ್ಯೆಗೊಮ್ಮೆ, ಹೇಗೂ ಅವತ್ತು ಕ್ಷೌರವಿಲ್ಲ.
ಪಟಿಕ, ಅಂಗಡಿ ಬಾಗಿಲಿಗೆ ದೃಷ್ಟಿಗೆಂದು ಕಟ್ಟಿದ್ದರಲ್ಲಿ
ಸಾವ್ಕಾರ್ರಿಗೆ ಕಾಣದಂತೆ ಒಡೆದ ಚೂರು.
ಎಲ್ಲಿ ತಪ್ಪಿದ್ದೇನೆಂದು ಅದಕ್ಕೆ ಗೊತ್ತು,
ಅಲ್ಲೇ ಉರಿಯುತ್ತದೆ.
ಸವೆದ ಬ್ಲೇಡಿಗೆ ಪೌಡರ್ ಡಬ್ಬಿಯ ನೆತ್ತಿ ಸೀಳಿದ್ದೇನೆ.
ಕಸದ ಗಾಡಿಯ ದುರುಗವ್ವನ ಹೆಬ್ಬೆರಳಲ್ಲಿ
ಮೂರು ಹೊಲಿಗೆಯ ಗುರುತಿದೆ.
ಡಬ್ಬಿ ತುಂಬಿದರೆ ಚಮನ್‌ಸಾಬರಿಗೇ,
ಮತ್ತೆ ತೂಕಕ್ಕೆ.

ಮೊದಲ ದಿನ ಒತ್ತಿ ಎಳೆದೆ.
ಕನ್ನಡಿಯಲ್ಲಿ ಗದ್ದದ ಮೇಲೆ
ಮೂರು ಚುಕ್ಕಿ, ಕೆಂಪು,
ಯಾವ ಅಕ್ಷರವೂ ಆಗದೆ ನಿಂತವು.
ಆಗ ಕೇಳಿತು, ಇಪ್ಪತ್ತಾರು ವರ್ಷದ ಹಿಂದಿನ
ವೀಳ್ಯದೆಲೆ ತುಂಬಿದ ಬಾಯಿ:
"ಒತ್ತಬ್ಯಾಡಲೇ. ಅದಕ್ಕೂ ಭಾರ ಐತೆ.
ನೀ ದಾರಿ ತೋರ್ಸು ಸಾಕು."

ಈಗ ಬೆಳಿಗ್ಗೆ ಹತ್ತು ನಿಮಿಷ
ಮನೆಯಲ್ಲಿ ಮಷಿನ್ನಿನ ಸದ್ದಿಲ್ಲ.
ಒಣ ಸೊಪ್ಪೆಯ ಮೇಲೆ ಓತಿಕ್ಯಾತ ಓಡಿದಂತೆ
ಸರ್ರನೆ ಒಂದು, ನಿಂತು, ಇನ್ನೊಂದು.
ಕೆನ್ನೆ ಸವರಿಕೊಂಡರೆ
ಈಗಷ್ಟೇ ಬೆಳಗಿದ ತಟ್ಟೆ, ಹೆಸರಿಲ್ಲದ್ದು.

"ಯಾರ್ದೋ ಹೆಸ್ರು ಯಾಕೆ, ನಿಮ್ದು ಹಾಕ್ಕಳಿ"
ಅಂದಳು ಕೊಟ್ರಮ್ಮ.
ಬ-ದ ಪಕ್ಕ ಜಾಗ ಇದೆ, ಎರಡಕ್ಷರಕ್ಕೆ.
ಹಳೆಯ ಉಳಿ ಮನೆಗೆ ತಂದು ನಾಲ್ಕು ದಿನ.
ಇವತ್ತು ಸೋಮವಾರ,
ರೇಜರು ಮುಟ್ಟುವ ಹಾಗಿಲ್ಲ.